ಮೊದಲ ನೀರು

ಸೆಪ್ಟೆಂಬರ್ ೨೮

ಪ್ರೀತಿಯ ಗುಬ್ಬಿಗೆ,

ನಿನ್ನ ಪತ್ರ ತಲುಪಿತು. ಅದನ್ನು ಪತ್ರ ಎನ್ನಬೇಕೋ ಟೆಲಿಗ್ರಾಮ್ ಎನ್ನಬೇಕೋ ಗೊತ್ತಾಗಲಿಲ್ಲ. ‘ನಾನು ಕ್ಷೇಮ, ತಾವೂ ಕ್ಷೇಮವೆಂದು ನಂಬಿದ್ದೇನೆ, ತಮಗಾಗಿ ಪ್ರಾರ್ಥಿಸುತ್ತೇನೆ, ಕ್ರಿಸ್ತನಲ್ಲಿ ತಮ್ಮ ಸಹೋದರಿ.’ ನಮ್ಮ ಮದುವೆಯ ದಿನ ನನ್ನ ಕೋಟಿನ ಜೇಬಿಗೆ ಕಪ್ಪೆಮರಿ ಬಿಟ್ಟವಳು ನೀನು. ಈಗ ಒಮ್ಮೆಲೇ ‘ತಾವು’ ಎಂದರೆ ನಾನು ಯಾರ ಹತ್ತಿರ ಹೇಳಿಕೊಳ್ಳಲಿ? ಊರಿಗೆಲ್ಲ ಸಿಸ್ಟರ್ ಆಗಿರು, ಆ ವೃದ್ಧಾಶ್ರಮದ ಅಜ್ಜಿಯರಿಗೆಲ್ಲ ತಾಯಿ ಆಗಿರು, ನನಗೆ ನೀನು ನಾದಿನಿ. ಕಾನ್ವೆಂಟ್ ಸೇರಿದ ಮಾತ್ರಕ್ಕೆ ನಾದಿನಿತನಕ್ಕೆ ರಿಟೈರ್‌ಮೆಂಟ್ ಇಲ್ಲ.

ನಾನು ಹೇಗಿದ್ದೇನೆ ಎಂದು ಕೇಳಿಲ್ಲ, ಆದರೂ ಹೇಳುತ್ತೇನೆ. ಇದ್ದೇನೆ. ಬೆಳಿಗ್ಗೆ ಏಳುತ್ತೇನೆ, ಹಾಲು ಕಾಯಿಸುತ್ತೇನೆ, ಅರ್ಧ ಸಲ ಉಕ್ಕಿಸುತ್ತೇನೆ. ಮಾಡಲು ಕೆಲಸವಿಲ್ಲ, ಆದರೂ ಸಂಜೆಗೆ ಗಾಡಿ ಎಳೆದವನ ಹಾಗೆ ಸುಸ್ತು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಎಲ್ಲ ನಾರ್ಮಲ್ ಎಂದರು. ನಾರ್ಮಲ್ ಆದರೆ ಹೀಗಿರುತ್ತದೆಯೇ ಎಂದು ಕೇಳಬೇಕೆನ್ನಿಸಿತು, ಹೊರಗೆ ಸಾಲು ಉದ್ದವಿತ್ತು, ಎದ್ದು ಬಂದೆ.

ಒಂದು ಕೆಲಸ ಮಾತ್ರ ಇದೆ. ನಿನಗೆ ಹೇಳಿರಲಿಲ್ಲ. ನಿನ್ನಕ್ಕ ಚರ್ಚಿನ ಪೀಠದ ಬಟ್ಟೆ ತೊಳೆದುಕೊಡುತ್ತಿದ್ದಳಲ್ಲ, ಫಾದರ್ ಪೂಜೆಯಲ್ಲಿ ರೊಟ್ಟಿಯ ಕೆಳಗೆ ಹಾಸುವ ಬಟ್ಟೆ, ಪಾತ್ರೆ ಒರೆಸುವ ಬಟ್ಟೆ, ಅವು. ಅವಳನ್ನು ಮಣ್ಣು ಮಾಡಿ ಬಂದ ವಾರ, ಸೋಮವಾರ ಬೆಳಿಗ್ಗೆ, ಚರ್ಚು ನೋಡಿಕೊಳ್ಳುವ ಮುದುಕ ಯಾವತ್ತಿನ ಹಾಗೆ ಬಟ್ಟೆಯ ಚೀಲ ಹಿಡಿದು ಬಾಗಿಲು ತಟ್ಟಿದ. ಕಾಲು ತಂದುಬಿಟ್ಟಿತ್ತು ಪಾಪ, ತಲೆಗೆ ನೆನಪಾದದ್ದು ನನ್ನ ಮುಖ ನೋಡಿದ ಮೇಲೆ. ಚೀಲವನ್ನು ಬೆನ್ನ ಹಿಂದೆ ಬಚ್ಚಿಡಲು ನೋಡಿದ. ಕೊನೆಗೆ ನಾನು ಚೀಲ ಇಸಿದುಕೊಂಡೆ. ಅಲ್ಲಿಂದ ಇಲ್ಲಿಯವರೆಗೂ ಇಸಿದುಕೊಳ್ಳುತ್ತಲೇ ಇದ್ದೇನೆ. ಹೆನ್ಸ್‌ಫೋರ್ತ್ ನಾನೇ ಈ ಊರಿನ ಪೀಠದ ಅಗಸ.

ಸಿಂಕಿನಲ್ಲಿ ಸೋಪು ಹಾಕಿ ತಿಕ್ಕುತ್ತೇನೆ, ಇಸ್ತ್ರಿ ಹಾಕುತ್ತೇನೆ. ಮೊದಲ ಸಲ ಮಡಿಚಿದ್ದು ನೋಡಿ ಮುದುಕ, ಇದೇನು ಹೋಟೆಲಿನ ಕರವಸ್ತ್ರವಾ ಎಂದ. ಈಗ ಪರವಾಗಿಲ್ಲ. ತೊಳೆಯುವಾಗ ಕಾಲೇಜಿನಲ್ಲಿ ಕಲಿತ ಒಂದು ಇಂಗ್ಲಿಷ್ ಗಾದೆ ನೆನಪಾಗುತ್ತದೆ. ಕ್ಲೀನ್ಲಿನೆಸ್ ಈಸ್ ನೆಕ್ಸ್ಟ್ ಟು ಎಂಬುವವರೆಗೆ ಬರುತ್ತದೆ. ಯಾರ ಪಕ್ಕ ಎಂಬುದು ಮರೆತುಹೋಗಿದೆ. ನಿನಗೆ ಗೊತ್ತಿದ್ದರೆ ಬರೆ. ಉದ್ದ ಬರೆ.

ನಿನ್ನ ಭಾವ


ಅಕ್ಟೋಬರ್ ೧೦

ಪ್ರೀತಿಯ ಭಾವ,

ಕಪ್ಪೆಮರಿಯನ್ನು ನಾನು ಬಿಟ್ಟದ್ದಲ್ಲ, ಅದಾಗಿಯೇ ಹತ್ತಿತ್ತು. ಎಷ್ಟು ಸಲ ಹೇಳಬೇಕು?

ಅಕ್ಕ ತೊಳೆಯುತ್ತಿದ್ದ ಬಟ್ಟೆಗಳನ್ನು ಈಗ ನೀವು ತೊಳೆಯುತ್ತಿದ್ದೀರಿ ಎಂಬ ಸಾಲನ್ನು ಎರಡು ಸಲ ಓದಿದೆ. ಮೊದಲ ನೀರನ್ನು ಮಣ್ಣಿಗೇ ಹಾಕುತ್ತಿದ್ದೀರಿ ತಾನೇ? ಸೋಪು ಮುಟ್ಟಿಸುವ ಮೊದಲು ಬರಿ ನೀರಿನಲ್ಲಿ ಅದ್ದಬೇಕು. ಬಟ್ಟೆಯ ಮಡಿಕೆಯಲ್ಲಿ ರೊಟ್ಟಿಯ ಪುಡಿ ಉಳಿದಿರಬಹುದು, ಪೂಜೆಯಾದ ಮೇಲೆ ಅದು ಬರಿ ರೊಟ್ಟಿಯಲ್ಲ, ಕ್ರಿಸ್ತನ ಶರೀರ. ಆ ನೀರು ಚರಂಡಿ ಸೇರಬಾರದು, ಜನ ತುಳಿಯದ ನೆಲಕ್ಕೆ ಹಾಕಬೇಕು. ಅಕ್ಕ ನಿಮಗೆ ಹೇಳಿಯೇ ಇರುತ್ತಾಳೆ, ಆದರೂ ಬರೆದೆ.

ನಿಮ್ಮ ಗಾದೆಯ ಕೊನೆಯ ಪದ ದೇವರಿಗೆ ಸಂಬಂಧಪಟ್ಟದ್ದು. ನನಗೂ ಈಚೆಗೆ ಅದೊಂದೇ ಪದ ಮರೆತ ಹಾಗಿದೆ ಭಾವ.

ಸುತ್ತಿ ಬಳಸಿ ಬರೆಯಲು ನನಗೆ ಬರುವುದಿಲ್ಲ. ಕಾನ್ವೆಂಟು ಬಿಡಬೇಕೆಂದಿದ್ದೇನೆ. ಮದರ್‌ಗೆ ಹೇಳಿಯೂ ಆಗಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಸುಲಭವಾಗುತ್ತಿತ್ತು. ವರ್ಷದ ಕೊನೆಯವರೆಗೆ ಯೋಚಿಸಿ ಹೇಳಿ ಎಂದರು. ಈ ವಯಸ್ಸಿನಲ್ಲಿ ಎಲ್ಲಿಗೆ ಹೋಗುತ್ತೀರಿ ಎಂದೂ ಕೇಳಿದರು. ನನಗೆ ಹೊಳೆದದ್ದು ಒಂದೇ ವಿಳಾಸ. ನಿಮ್ಮ ಮನೆಯ ಚಿಕ್ಕ ಕೋಣೆ ಖಾಲಿ ಇದೆಯಾ?

ಇಲ್ಲ ಎಂದರೂ ಬೇಸರವಿಲ್ಲ.

ಗುಬ್ಬಿ


ಅಕ್ಟೋಬರ್ ೧೬

ಪ್ರೀತಿಯ ಗುಬ್ಬಿಗೆ,

ಮೊದಲು ಕೋಣೆಯ ವಿಷಯ. ಖಾಲಿ ಇದೆ. ಹಳೆಯ ಪೇಪರು, ಮುರಿದ ಫ್ಯಾನು, ನಿನ್ನಕ್ಕನ ಹೊಲಿಗೆ ಯಂತ್ರ ಇವೆ, ಅವು ಬಾಡಿಗೆ ಕೊಡುವುದಿಲ್ಲ. ಯಾಕೆ ಬರುತ್ತೀಯ ಎಂದು ಕೇಳುವುದಿಲ್ಲ. ಹೇಳಬೇಕೆನ್ನಿಸಿದರೆ ಹೇಳು. ಸ್ವಂತ ಭಾವನ ಮನೆಗೆ ಬರುವುದಕ್ಕೆ ಅರ್ಜಿ ಹಾಕುವ ನಾದಿನಿಯನ್ನು ನಾನು ಇದೇ ಮೊದಲು ನೋಡುತ್ತಿರುವುದು.

ಇನ್ನು ನೀರಿನ ವಿಷಯ. ಗುಬ್ಬಿ, ನಾನು ಕೆಟ್ಟೆ.

ನಿನ್ನಕ್ಕ ಏನೂ ಹೇಳಿರಲಿಲ್ಲ. ಸೋಮವಾರ ಬೆಳಿಗ್ಗೆ ಅವಳು ಬೋಗುಣಿ ಹಿಡಿದು ಮೂರು ಅಂತಸ್ತು ಇಳಿಯುತ್ತಿದ್ದುದನ್ನು ನೋಡಿದ್ದೆ. ಕೆಳಗಿನ ಮನೆಯವಳ ಜೊತೆ ಹರಟೆಗೆ ಒಂದು ನೆಪ ಎಂದುಕೊಂಡಿದ್ದೆ. ಮೊಣಕಾಲು ನೋವು ಎಂದು ನರಳುವವಳು ಹರಟೆಗೆ ಮಾತ್ರ ಇಳಿಯುತ್ತೀಯಲ್ಲ ಎಂದು ಹಾಸ್ಯವನ್ನೂ ಮಾಡುತ್ತಿದ್ದೆ. ಅವಳು ನಗುತ್ತಲೇ ಇಳಿಯುತ್ತಿದ್ದಳು.

ಬೇರೆ ಯಾರಾದರೂ ಆಗಿದ್ದರೆ, ಅಯ್ಯೋ ಸಿಂಕಿಗೆ ಹಾಕಿಬಿಟ್ಟೆ ಎಂದು ಒಮ್ಮೆ ಶಿಲುಬೆಯ ಗುರುತು ಹಾಕಿಕೊಂಡು ಮರೆಯುತ್ತಿದ್ದರು. ನಾನು ಯಾರು? ನೀರಿನ ಆಫೀಸಿನಲ್ಲಿ ಒಳಚರಂಡಿ ವಿಭಾಗದಲ್ಲಿ ತಲೆ ನರೆಸಿಕೊಂಡವನು. ಈ ಊರಿನ ಯಾವ ಸಿಂಕಿನ ನೀರು ಎಲ್ಲಿ ಇಳಿದು ಎಲ್ಲಿ ತಿರುಗುತ್ತದೆ ಎಂದು ನಕ್ಷೆ ಇಲ್ಲದೆ ಹೇಳಬಲ್ಲೆ. ನಮ್ಮ ಅಡುಗೆಮನೆಯಿಂದ ಹಿಂದಿನ ಗೋಡೆಯ ಪೈಪು, ಅಲ್ಲಿಂದ ಬೀದಿಯ ಮ್ಯಾನ್‌ಹೋಲ್, ಅಲ್ಲಿಂದ ಆಸ್ಪತ್ರೆಯ ಲೈನು ಬಂದು ಸೇರುತ್ತದೆ, ಆಮೇಲೆ ಕಸಾಯಿಖಾನೆಯದು. ಎಲ್ಲ ಕೂಡಿ ಪಂಪ್‌ಹೌಸ್. ಅಲ್ಲಿ ಕಬ್ಬಿಣದ ಜಾಲರಿ, ಅದರಲ್ಲಿ ಚಪ್ಪಲಿ, ಕೂದಲು, ಸತ್ತ ಇಲಿ. ಇಷ್ಟು ತಿಂಗಳು ನಾನು ನಿಮ್ಮ ದೇವರನ್ನು ಕಳಿಸುತ್ತಿದ್ದದ್ದು ಆ ದಾರಿಯಲ್ಲಿ. ಬೇರೆಯವರಿಗೆ ಅದು ಬರಿ ತೂತು. ನನಗೆ ಪ್ರತಿಯೊಂದು ತಿರುವೂ ಕಣ್ಣಿಗೆ ಕಟ್ಟುತ್ತದೆ.

ನಿನಗೆ ಗೊತ್ತು, ನನ್ನ ಭಕ್ತಿ ಹಿಂದಿನ ಬೆಂಚಿನದು. ನಿನ್ನಕ್ಕ ಕರೆದಳೆಂದು ಹೋಗುತ್ತಿದ್ದೆ, ಈಗ ಹೋಗದಿದ್ದರೆ ಅವಳು ಏನೆಂದುಕೊಳ್ಳುತ್ತಾಳೋ ಎಂದು ಹೋಗುತ್ತೇನೆ. ಆದರೂ ಈ ಸೋಮವಾರ ಬೋಗುಣಿ ಹಿಡಿದು ಕೆಳಗೆ ಇಳಿದೆ. ನೀರಿನ ತೊಟ್ಟಿಯ ಹಿಂದೆ ಗೋಡೆಯ ಪಕ್ಕ ಚಾಪೆಯಗಲದಷ್ಟು ಮಣ್ಣಿದೆ. ಅಲ್ಲಿ ಹಾಕಿದೆ. ನಿನ್ನಕ್ಕನೂ ಅಲ್ಲೇ ಹಾಕುತ್ತಿದ್ದಳಂತೆ, ಕೆಳಗಿನ ಮನೆಯವಳು ಹೇಳಿದಳು. ಹರಟೆ ಹೊಡೆಯುತ್ತಿರಲಿಲ್ಲವಂತೆ. ಕಾಲ ಮೇಲೆ ಕಾಲಿಟ್ಟು ಕೂರುವ ಪುರುಸೊತ್ತೂ ಇರಲಿಲ್ಲವಂತೆ.

ನಿನ್ನ ಭಾವ


ನವೆಂಬರ್ ೫

ಪ್ರೀತಿಯ ಭಾವ,

ನಿಮ್ಮ ಪತ್ರ ಓದಿ ಎಷ್ಟೋ ದಿನಗಳ ಮೇಲೆ ನಕ್ಕೆ. ದೇವರು ಪಂಪ್‌ಹೌಸಿನ ದಾರಿ ನೋಡಿರಲಿಲ್ಲವೇನೋ, ನಿಮ್ಮ ದಯೆಯಿಂದ ಅದೂ ಆಯಿತು. ಚಿಂತೆ ಮಾಡಬೇಡಿ. ದನದ ಕೊಟ್ಟಿಗೆಯಲ್ಲಿ ಹುಟ್ಟಿದವನಿಗೆ ವಾಸನೆ ಹೊಸದಲ್ಲ.

ನೋಡಿ, ಮಾತು ಎಷ್ಟು ಸಲೀಸಾಗಿ ಬರುತ್ತದೆ. ಅದೇ ನನ್ನ ಕಾಯಿಲೆ. ಯಾರಾದರೂ ಅಳುತ್ತಿದ್ದರೆ ಹೇಳಲು ಮಾತಿದೆ, ಸಾಯುತ್ತಿದ್ದರೆ ಹೇಳಲು ಮಾತಿದೆ. ಎಲ್ಲ ಬಾಯಿಪಾಠ. ಪ್ರಾರ್ಥನೆಗೆ ಕೂತರೆ, ಆ ಕಡೆಯವರು ಫೋನು ಇಟ್ಟುಹೋದ ಮೇಲೂ ಮಾತಾಡುತ್ತಿರುವವಳ ಹಾಗೆ ಅನ್ನಿಸುತ್ತದೆ. ಅಕ್ಕ ಹೋದದ್ದರಿಂದ ಎಂದು ಮದರ್ ತಿಳಿದಿದ್ದಾರೆ. ಅದಕ್ಕೂ ಮೊದಲೇ ಶುರುವಾಗಿತ್ತು. ಅಕ್ಕನಿಗೆ ಹೇಳೋಣವೆಂದು ಫೆಬ್ರವರಿಯಲ್ಲಿ ರಜೆ ಕೇಳಿದ್ದೆ. ರಜೆ ಸಿಕ್ಕಿತು. ಬಂದದ್ದು ಅವಳ ಮಣ್ಣಿಗೆ.

ಪೂಜೆಯಲ್ಲಿ ಫಾದರ್ ಆ ರೊಟ್ಟಿಯನ್ನು ನಾಲಿಗೆಯ ಮೇಲಿಡುವ ಪರಮಪ್ರಸಾದದ ಸಾಲಿನಲ್ಲಿ ನಿಲ್ಲುವುದನ್ನೂ ಬಿಟ್ಟಿದ್ದೇನೆ. ನಂಬದೆ ನಾಲಿಗೆ ಚಾಚುವುದು ಹೇಗೆ? ಎಲ್ಲರೂ ಎದ್ದುಹೋದಾಗ ಬೆಂಚಿನಲ್ಲಿ ಒಬ್ಬಳೇ ಕೂತಿರುತ್ತೇನೆ. ಯಾರೂ ಏನೂ ಕೇಳುವುದಿಲ್ಲ. ಮರುದಿನ ನನ್ನ ತಟ್ಟೆಗೆ ಸ್ವಲ್ಪ ಹೆಚ್ಚು ಬಡಿಸುತ್ತಾರೆ. ಕಾಯಿಲೆಯವಳಿಗೆ ಬಡಿಸಿದ ಹಾಗೆ.

ಕೆಲಸಕ್ಕೆ ಮೈ ಸೋತಿಲ್ಲ. ಹಾಸಿಗೆ ಬದಲಿಸುವುದು, ಮೈ ಒರೆಸುವುದು, ಉಗುರು ಕತ್ತರಿಸುವುದು, ಎಲ್ಲ ಕೈ ತಾನಾಗಿ ಮಾಡುತ್ತದೆ. ಹೊಸದಾಗಿ ಒಬ್ಬರು ಬಂದಿದ್ದಾರೆ, ಟೀಚರಮ್ಮ. ಯಾವುದೋ ಶಾಲೆಯ ದೊಡ್ಡ ಟೀಚರ್ ಆಗಿದ್ದವರು, ಈಗ ಎಲ್ಲ ಮರೆತಿದೆ, ಗದರುವುದೊಂದು ಉಳಿದಿದೆ. ಇಡೀ ವಾರ್ಡೇ ಅವರ ಕ್ಲಾಸು. ಮದರ್‌ಗೆ ‘ಗುಂಡಿ ಹಾಕ್ಕೋ’ ಎನ್ನುತ್ತಾರೆ. ನನಗೆ ‘ಕೊನೇ ಬೆಂಚು’ ಎಂದು ಹೆಸರಿಟ್ಟಿದ್ದಾರೆ. ನಿಮ್ಮ ಬೆಂಚೇ, ಭಾವ.

ಒಂದು ಪ್ರಶ್ನೆ ಕೇಳಬೇಕು. ಅಕ್ಕ ಅಷ್ಟು ವರ್ಷ ಆ ಬಟ್ಟೆ ತೊಳೆದಳಲ್ಲ, ಅದರಲ್ಲಿ ಅವಳಿಗೆ ಏನು ಸಿಗುತ್ತಿತ್ತು? ಇಲ್ಲಿ ಯಾರನ್ನು ಕೇಳಿದರೂ ಚೆನ್ನಾದ ಉತ್ತರ ಕೊಡುತ್ತಾರೆ. ನಿಮಗೆ ದೇವರ ವಿಷಯದಲ್ಲಿ ಚೆನ್ನಾಗಿ ಮಾತಾಡಿ ಅಭ್ಯಾಸವಿಲ್ಲ. ನೀವು ಹೇಳಿದರೆ ನಂಬುತ್ತೇನೆ.

ಗುಬ್ಬಿ


ನವೆಂಬರ್ ೨೧

ಪ್ರೀತಿಯ ಗುಬ್ಬಿಗೆ,

ತಡವಾಯಿತು. ಸುಸ್ತು ಒಂದು ಕಾರಣ, ಮಂಚ ಇನ್ನೊಂದು, ಸಿಮೆಂಟು ಮೂರನೆಯದು. ಯಾವುದರಿಂದ ಶುರುಮಾಡಲಿ?

ಹೋದ ವಾರ ಬೋಗುಣಿ ಹಿಡಿದು ಇಳಿದರೆ ತೊಟ್ಟಿಯ ಹಿಂದಿನ ಮಣ್ಣು ಮಾಯ. ಹೊಸ ಸಿಮೆಂಟು, ನುಣ್ಣಗೆ, ಬೂದುಬಣ್ಣ. ಇಲಿ ಬಿಲ ತೋಡುತ್ತವೆ ಎಂದು ಕಟ್ಟಡದ ಸಂಘದವರು ಹಾಕಿಸಿದ್ದಾರೆ. ಅದರ ಮೇಲೆ ಬೆಕ್ಕೊಂದು ನಡೆದುಹೋಗಿ ಹೆಜ್ಜೆಯಚ್ಚು ಬಿಟ್ಟಿತ್ತು. ಬೋಗುಣಿ ಹಿಡಿದು ನಿಂತೆ. ಮೇಲೆ ಹೋಗಿ ಸಿಂಕಿಗೆ ಹಾಕಲು ಕೈ ಬರಲಿಲ್ಲ, ದಾರಿ ಗೊತ್ತಿದೆಯಲ್ಲ. ಸರಿ, ಬೀದಿಗೆ ಇಳಿದೆ.

ಗುಬ್ಬಿ, ಈ ಊರಿನಲ್ಲಿ ಮಣ್ಣಿಲ್ಲ. ಇಷ್ಟು ವರ್ಷ ಇದ್ದರೂ ಗಮನಿಸಿರಲಿಲ್ಲ. ಬೀದಿಗೆ ಡಾಂಬರು, ಪಕ್ಕಕ್ಕೆ ಇಟ್ಟಿಗೆ, ಮನೆ ಮುಂದೆ ಟೈಲ್ಸ್. ಪಾರ್ಕಿನಲ್ಲಿದೆ, ಆದರೆ ಬೆಳಿಗ್ಗೆ ಅಲ್ಲಿ ಜನ ತುಳಿದಾಡುತ್ತಾರೆ, ನಾಯಿ ಕರೆತರುತ್ತಾರೆ. ಚರ್ಚಿನ ಅಂಗಳಕ್ಕೂ ಕಾರು ನಿಲ್ಲಿಸಲೆಂದು ಹೋದ ವರ್ಷವೇ ಕಲ್ಲು ಹಾಸಿದ್ದಾರೆ. ತುಂಬಿದ ಬೋಗುಣಿ ಹಿಡಿದ ಮುದುಕನನ್ನು ಜನ ದಾರಿ ಬಿಟ್ಟು ನೋಡಿದರು. ಕೊನೆಗೆ ಬಸ್ ನಿಲ್ದಾಣದ ಹತ್ತಿರ ಮರವೊಂದರ ಬುಡದಲ್ಲಿ, ಕಬ್ಬಿಣದ ಕಟಕಟೆಯೊಳಗೆ, ಒಂದಿಷ್ಟು ಮಣ್ಣು ಕಂಡಿತು. ಕಟಕಟೆಗೆ ಒರಗಿಕೊಂಡು ಬೀಗ ರಿಪೇರಿಯವನು ಅಂಗಡಿ ಹಾಕಿದ್ದಾನೆ. ಒಂದು ಪೆಟ್ಟಿಗೆ, ಒಂದು ಸ್ಟೂಲು, ತಂತಿಯಲ್ಲಿ ನೇತುಹಾಕಿದ ಕೀಲಿಗಳು.

“ಯಜಮಾನ್ರೇ, ಮನೇಲಿ ಮೋರಿ ಇಲ್ವಾ?” ಎಂದ.

ಪೂಜೆಯ ಬಟ್ಟೆ ತೊಳೆದ ನೀರು, ಮಣ್ಣಿಗೇ ಹಾಕಬೇಕು ಎಂದೆ. ಅವನು ಬೋಗುಣಿಯೊಳಗೆ ಬಗ್ಗಿ ನೋಡಿದ. ಬರಿ ನೀರಿದೆಯಲ್ಲ, ಕೊಳೆಯೇ ಇಲ್ಲ ಎಂದ. ಕೊಳೆಯಲ್ಲ, ದೇವರಿರಬಹುದು ಎಂದು ಹೇಗೆ ಹೇಳಲಿ? ನಾನೇ ಪೂರ್ತಿ ನಂಬದ ಮಾತನ್ನು ಬೀಗದವನಿಗೆ ನಂಬಿಸುವುದುಂಟೇ? ನನ್ನ ಹೆಂಡತಿ ಹೀಗೇ ಮಾಡುತ್ತಿದ್ದಳು, ಈಗ ಅವಳಿಲ್ಲ ಎಂದೆ. ಅವನು ಪೆಟ್ಟಿಗೆ ಸರಿಸಿ, ಕಾಲು ಮೇಲೆತ್ತಿಕೊಂಡು, “ನಿಧಾನ ಹಾಕಿ, ನನ್ನ ಅರಗಳಿಗೆ ತುಕ್ಕು ಹಿಡಿಸ್ಬೇಡಿ” ಎಂದ. ಈ ಸೋಮವಾರ ನಾನು ದೂರದಲ್ಲಿ ಬರುತ್ತಿರುವಾಗಲೇ ಕಾಲು ಎತ್ತಿಕೊಂಡಿದ್ದ.

ಮಂಚವನ್ನು ಹೊರಲು ಬಂದವನೂ ಅವನೇ. ಹಳೆಯ ಸಾಮಾನಿನ ಅಂಗಡಿಯಲ್ಲಿ ಒಂಟಿ ಮಂಚ ಸಿಕ್ಕಿತು, ಗಟ್ಟಿ ಮರ. ಮೆಟ್ಟಿಲಿನ ತಿರುವಿನಲ್ಲಿ ಇಬ್ಬರೂ ಸಿಕ್ಕಿಹಾಕಿಕೊಂಡೆವು. ಮುಂದೆಯೂ ಹೋಗದು, ಹಿಂದೆಯೂ ಬಾರದು. ಯಾರು ಬರುತ್ತಿದ್ದಾರೆ ಎಂದು ಕೇಳಿದ. ನಾದಿನಿ ಎಂದೆ. “ಹಾಗಿದ್ರೆ ಗಟ್ಟಿ ಮಂಚವೇ ಬೇಕು. ನಾದಿನೀರು ಬಂದ್ರೆ ಅಷ್ಟು ಬೇಗ ಹೋಗಲ್ಲ.” ಮಂಚದ ಕೆಳಗೆ ನಿಂತೇ ನಗಾಡಿದೆವು. ಅವನ ಕೂಲಿ ಒಂದು ಲೋಟ ಚಹಾ, ಜೊತೆಗೆ ನಮ್ಮ ಬಾಗಿಲಿನ ಬೀಗದ ಮೇಲೆ ಉಚಿತ ಉಪನ್ಯಾಸ.

ಇನ್ನು ನಿನ್ನ ಪ್ರಶ್ನೆ. ನಾನೂ ಒಮ್ಮೆ ನಿನ್ನಕ್ಕನನ್ನು ಕೇಳಿದ್ದೆ. ಜ್ವರವಿತ್ತು ಅವಳಿಗೆ, ಆದರೂ ಬಟ್ಟೆ ಹಿಡಿದು ಕೂತಿದ್ದಳು. ಇದರಿಂದ ನಿನಗೇನು ಸಿಗುತ್ತದೆ, ವಾಟ್ ಈಸ್ ದಿ ಬೆನಿಫಿಟ್ ಎಂದೆ. ಅವಳು ತಲೆ ಎತ್ತದೆ ಹೇಳಿದಳು, “ಯಾರಾದರೂ ತೊಳೀಬೇಕಲ್ಲ.” ಅಷ್ಟೇ. ಇನ್ನೂ ಏನಾದರೂ ಹೇಳುತ್ತಾಳೆಂದು ಕಾದೆ. ಇಸ್ತ್ರಿ ತಾ ಎಂದಳು.

ನೀನು ಅಲ್ಲಿರಬೇಕೋ ಇಲ್ಲಿಗೆ ಬರಬೇಕೋ ಎಂದು ನೀನು ಕೇಳಿಲ್ಲ, ಒಳ್ಳೆಯದಾಯಿತು. ಆ ಒಂದು ವಿಷಯದಲ್ಲಿ ನನ್ನ ಮಾತನ್ನು ತಕ್ಕಡಿಗೆ ಹಾಕಬೇಡ. ಕಾರಣ ಕೇಳಬೇಡ. ಕೋಣೆಗೆ ಸುಣ್ಣ ಹೊಡೆಸಿದೆ.

ನಿನ್ನ ಭಾವ


ಡಿಸೆಂಬರ್ ೯

ಪ್ರೀತಿಯ ಭಾವ,

ಸ್ವಲ್ಪವೇ ಬರೆಯುತ್ತೇನೆ, ಕ್ಷಮಿಸಿ. ಇಲ್ಲಿ ಇಬ್ಬರು ಸಿಸ್ಟರ್‌ಗಳಿಗೆ ಜ್ವರ. ಅವರ ಪಾಳಿಯೂ ನನಗೆ. ನಿಂತಲ್ಲೇ ನಿದ್ದೆ ಬರುತ್ತದೆ, ಮಲಗಿದರೆ ಬರುವುದಿಲ್ಲ.

ನಿಮ್ಮ ಪತ್ರವನ್ನು ವಾರ್ಡಿನಲ್ಲಿ ಓದಿ ಹೇಳಿದೆ, ನನ್ನ ವಿಷಯ ಬಿಟ್ಟು. ಮಂಚ ಸಿಕ್ಕಿಹಾಕಿಕೊಂಡ ಕಡೆ ಎರಡು ಸಲ ಓದಿಸಿದರು. ಕಿಟಕಿ ಪಕ್ಕದ ಅಜ್ಜಿ, ಆ ಬೀಗದವನಿಗೆ ಮದುವೆಯಾಗಿದೆಯಾ ಎಂದು ಕೇಳುತ್ತಿದ್ದಾರೆ. ಅವರ ಮೊಮ್ಮಗಳಿಗಂತೆ.

ಕ್ರಿಸ್ಮಸ್ಸಿನ ಗೋದಲಿ, ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ಜೋಡಿಸುವ ಕೆಲಸ, ಈ ವರ್ಷ ಯಾರೂ ಹಿಡಿದಿಲ್ಲ. ಪೆಟ್ಟಿಗೆ ತೆಗೆದು ನೋಡಿದರೆ ಕುರುಬನ ಕೈ ಮುರಿದಿದೆ. ಹಾಗೇ ಮುಚ್ಚಿಟ್ಟೆ.

ಟೀಚರಮ್ಮ ಊಟ ಬಿಟ್ಟಿದ್ದಾರೆ. ಬಾಯಿ ಬಿಗಿಹಿಡಿದು ಗೋಡೆ ಕಡೆ ತಿರುಗುತ್ತಾರೆ. ಡಾಕ್ಟರು ಇದು ಹೀಗೇ ಎಂದರು. ಕಾನ್ವೆಂಟು ಬಿಡುವವಳಿಗೆ ಅವರ ಚಿಂತೆ ಯಾಕೆ ಎನ್ನುತ್ತೇನೆ, ಆದರೂ ಚಮಚ ಹಿಡಿದು ಕೂರುತ್ತೇನೆ.

ಕ್ರಿಸ್ಮಸ್ ಮುಗಿಸಿ, ವರ್ಷದ ಕೊನೆಯ ದಿನದ ಬಸ್ಸಿಗೆ ಬರುತ್ತೇನೆ. ಮದರ್‌ಗೆ ಆ ದಿನ ಬೆಳಿಗ್ಗೆ ಹೇಳುತ್ತೇನೆ. ಒಂದೇ ಪೆಟ್ಟಿಗೆ, ಹಗುರ. ನೀವು ನಿಲ್ದಾಣಕ್ಕೆ ಬರಬೇಡಿ, ಚಳಿ.

ಗುಬ್ಬಿ


ಡಿಸೆಂಬರ್ ೨೦

ಪ್ರೀತಿಯ ಗುಬ್ಬಿಗೆ,

ನಿಲ್ದಾಣಕ್ಕೆ ಬರುತ್ತೇನೆ. ಚಳಿ ನಿನ್ನಪ್ಪನ ಮನೆಯದ್ದಲ್ಲ.

ಕೋಣೆಗೆ ಪರದೆ ಹಾಕಿದೆ. ನಿನ್ನಕ್ಕನ ಹೊಲಿಗೆ ಯಂತ್ರದಲ್ಲಿ ನಾನೇ ಹೊಲಿದದ್ದು, ಒಂದು ಕಡೆ ಗಿಡ್ಡ. ಬೀಗದವನು ನೋಡಿ, ಬೆಳಕು ಓರೆಯಾಗಿ ಬರಲಿ ಬಿಡಿ ಎಂದ.

ಕ್ರಿಸ್ಮಸ್ಸಿಗೆಂದು ಚರ್ಚಿನ ಮುದುಕ ಎರಡು ಚೀಲ ತಂದ. ಮೇಣದ ಕಲೆ ಬೇರೆ. ಇದು ಅವಳಿಲ್ಲದ ಮೊದಲ ಕ್ರಿಸ್ಮಸ್. ಚೀಲ ನೋಡಿಯೇ ಕೂತುಬಿಟ್ಟೆ. ನಕ್ಷತ್ರ ಕಟ್ಟಲಿಲ್ಲ, ಏಣಿ ಹತ್ತಲು ಮನಸ್ಸಿಲ್ಲ. ಎದುರು ಮನೆಯವರದ್ದೇ ನಮ್ಮ ಕಿಟಕಿಗೂ ಕಾಣುತ್ತದೆ, ಅಡ್ಜಸ್ಟ್ ಮಾಡಿಕೊಂಡೆ.

ಬಟ್ಟೆ ಬಿಡಿಸುವಾಗ ಒಂದರ ಮಡಿಕೆಯಲ್ಲಿ ಪುಡಿ ಕಂಡಿತು. ಇಷ್ಟು ತಿಂಗಳಲ್ಲಿ ಇದೇ ಮೊದಲು. ಎಳ್ಳಿಗಿಂತ ಚಿಕ್ಕದು, ಕನ್ನಡಕ ಇಲ್ಲದಿದ್ದರೆ ಕಾಣುತ್ತಲೇ ಇರಲಿಲ್ಲ. ರೊಟ್ಟಿಯದ್ದೋ ಮೇಣದ್ದೋ ಎಂದು ಬೆರಳಿನಿಂದ ಒತ್ತಿದೆ. ರೊಟ್ಟಿಯದ್ದೇ. ಏನು ಮಾಡಬೇಕೆಂದು ತಿಳಿಯಲಿಲ್ಲ. ಕೇಳೋಣವೆಂದರೆ ಫಾದರಿಗೆ ಹಬ್ಬದ ಗಡಿಬಿಡಿ. ಬೋಗುಣಿಗೆ ನೀರು ತುಂಬಿ ಬಟ್ಟೆಯ ಆ ಮೂಲೆಯನ್ನು ಅದ್ದಿದೆ. ಅದು ಬಿಟ್ಟುಕೊಂಡು ಮೇಲೆ ತೇಲಿತು. ಕರಗುವವರೆಗೆ ಸ್ಟೂಲು ಹಾಕಿಕೊಂಡು ಪಕ್ಕದಲ್ಲಿ ಕೂತೆ.

ನೀನು ಏನಾದರೂ ಅನ್ನಿಸಿತಾ ಎಂದು ಕೇಳುತ್ತೀಯ. ಅನ್ನಿಸಲಿಲ್ಲ. ನಲ್ಲಿ ತೊಟ್ಟಿಕ್ಕುತ್ತಿತ್ತು, ವಾಷರ್ ಬದಲಿಸಬೇಕು ಎಂದುಕೊಂಡೆ. ಹಾಲಿನವನು ಬೆಲ್ ಮಾಡಿದ, ಏಳಲಿಲ್ಲ. ಅಷ್ಟು ಚಿಕ್ಕದನ್ನು ನೀರಿನಲ್ಲಿ ಒಂಟಿಯಾಗಿ ಬಿಟ್ಟುಹೋಗಲು ಮನಸ್ಸಾಗಲಿಲ್ಲ. ಆಸ್ಪತ್ರೆಯಲ್ಲಿ ನಿನ್ನಕ್ಕನ ಪಕ್ಕ ಕೂತಿದ್ದೆನಲ್ಲ, ಹಾಗೆಯೇ. ಅಲ್ಲಿಯೂ ಏನೂ ಅನ್ನಿಸಿರಲಿಲ್ಲ, ಕೂತಿದ್ದೆ, ಅಷ್ಟೇ. ದೇವರು ಅಷ್ಟು ಚಿಕ್ಕವನಾದರೆ ನಾವಾದರೂ ಏನು ಮಾಡಲಿಕ್ಕಾಗುತ್ತದೆ ಹೇಳು. ಹತ್ತಿರ ಕೂರಬಹುದು.

ಇದು ನಿನ್ನ ಪ್ರಶ್ನೆಗೆ ಉತ್ತರವಲ್ಲ. ಬರೆಯಬೇಕೆನ್ನಿಸಿತು.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರು. ಮೊದಲಿನಿಂದಲೂ ನಿನಗೆ ಹೊಟ್ಟೆ ತೊಳಸುತ್ತದೆ.

ನಿನ್ನ ಭಾವ


ಡಿಸೆಂಬರ್ ೨೭

ಪ್ರೀತಿಯ ಭಾವ,

ಈ ಪತ್ರ ನಿಮಗೆ ವರ್ಷದ ಕೊನೆಯ ದಿನದೊಳಗೆ ಸಿಗಲಿ ಎಂದು ಬೆಳಿಗ್ಗೆಯೇ ಅಂಚೆಗೆ ಹಾಕುತ್ತಿದ್ದೇನೆ.

ಕ್ರಿಸ್ಮಸ್ ಬೆಳಿಗ್ಗೆ ಎಲ್ಲರೂ ಪೂಜೆಗೆ ಹೋಗಿದ್ದರು. ನಡೆಯಬಲ್ಲವರನ್ನು ನಡೆಸಿಕೊಂಡು, ಆಗದವರನ್ನು ಗಾಲಿಕುರ್ಚಿಯಲ್ಲಿ ಕರೆದುಕೊಂಡು ಹೋಗಿದ್ದರು. ವಾರ್ಡಿಗೆ ನಾನಿರುತ್ತೇನೆ ಎಂದೆ. ಮದರ್ ನನ್ನ ಮುಖ ನೋಡಿ, ಸರಿ ಎಂದರು. ವಾರ್ಡಿನಲ್ಲಿ ಉಳಿದದ್ದು ನಾನು, ಟೀಚರಮ್ಮ, ಮತ್ತೆ ಮೂತ್ರದ ವಾಸನೆ. ಪ್ರಾರ್ಥನಾಲಯದಿಂದ ಹಾಡು ಕೇಳಿಸುತ್ತಿತ್ತು. ಬಾಗಿಲು ಮುಚ್ಚಿದೆ.

ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ ಟೀಚರಮ್ಮನ ಹತ್ತಿರ ಕೂತೆ. ಅಷ್ಟು ದಿನಗಳಿಂದ ಗಂಟಲಿಗೆ ಇಳಿದದ್ದು ನೀರು, ಒಂದೆರಡು ಗುಟುಕು ಗಂಜಿ ಮಾತ್ರ. ಚಮಚ ಹಿಡಿದರೆ ಮುಖ ತಿರುಗಿಸಿದರು. ನಾನು ಬೇಡಿಕೊಳ್ಳಲಿಲ್ಲ ಭಾವ, ದಣಿದಿದ್ದೆ. ಬಟ್ಟಲನ್ನು ಹಾಸಿಗೆಯ ಮೇಲಿಟ್ಟು, ತಲೆ ಮಂಚದ ಅಂಚಿಗೆ ಒರಗಿಸಿದೆ. ಅತ್ತೆ ಅನ್ನಿಸುತ್ತದೆ. ಅಥವಾ ಬರಿ ಆಯಾಸ.

ತಲೆಯ ಮೇಲೆ ಏನೋ ತಟ್ಟಿದ ಹಾಗಾಯಿತು. ನೋಡಿದರೆ ಟೀಚರಮ್ಮ ಎದ್ದು ಕೂತಿದ್ದಾರೆ. ಬೆರಳುಗಳನ್ನು ಬಟ್ಟಲಿಗೆ ಅದ್ದಿ ಬ್ರೆಡ್ಡಿನ ಚೂರು ಎತ್ತಿದ್ದಾರೆ. ಹಾಲು ಮೊಣಕೈಗೆ ಇಳಿಯುತ್ತಿದೆ.

“ಕೊನೇ ಬೆಂಚು,” ಎಂದರು. “ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು. ಹಸಿದವರಿಗೆ ಪಾಠ ಹತ್ತಲ್ಲ. ಬಾಯಿ ತೆಗಿ.”

ನಾನು ಬಾಯಿ ತೆಗೆದೆ, ಭಾವ. ಯಾಕೆ ಎಂದು ನನ್ನನ್ನು ಕೇಳಬೇಡಿ. ಅವರು ನಾಲಿಗೆಯ ಮೇಲೆ ಇಟ್ಟರು. ನುಂಗಿದೆ. ಬೆರಳನ್ನು ನನ್ನ ಕಾಲರಿಗೆ ಒರೆಸಿದರು. ಆಮೇಲೆ ನಾನು ಅವರಿಗೆ ಒಂದು ಚೂರು ಕೊಟ್ಟೆ, ಅವರು ತಿಂದರು. ನನಗೊಂದು, ಅವರಿಗೊಂದು. ಬಟ್ಟಲು ಖಾಲಿಯಾಯಿತು. ಕಲಿತದ್ದನ್ನು ಒಪ್ಪಿಸು ಎಂದರು. ನನಗೆ ಏನೂ ಬರಲಿಲ್ಲ. ಅವರು ಬೈಯಲಿಲ್ಲ.

ಇದನ್ನು ದೊಡ್ಡದು ಮಾಡಬೇಡಿ. ದೇವರು ಮರಳಿ ಸಿಕ್ಕ ಎಂದು ನಾನು ಹೇಳುತ್ತಿಲ್ಲ. ಮರುದಿನ ಪ್ರಾರ್ಥನೆಗೆ ಕೂತೆ, ಆ ಕಡೆ ಅದೇ ಮೌನ. ಟೀಚರಮ್ಮ ನಿನ್ನೆ ಮತ್ತೆ ಬಾಯಿ ಬಿಗಿಹಿಡಿದರು. ಆಮೇಲೆ, ನಾನು ಮೊದಲು ತಿಂದು ತೋರಿಸಿದ ಮೇಲೆ, ತಿಂದರು. ನಾನು ತಿನ್ನದಿದ್ದರೆ ಅವರು ತಿನ್ನುವುದಿಲ್ಲ. ಬೇರೆ ಸಿಸ್ಟರ್ ಪ್ರಯತ್ನಿಸಿದರು, ಆಗಲಿಲ್ಲ.

ಮದರ್ ಹತ್ತಿರ ಹೋಗಿ, ನಾನು ಇರುತ್ತೇನೆ ಎಂದೆ. ನಂಬಿಕೆ ಬಂತಾ ಎಂದು ಕೇಳಿದರು. ಹಸಿವಾಗುತ್ತಿದೆ ಎಂದೆ. ಸರಿ, ಊಟಕ್ಕೆ ನಡೆಯಿರಿ ಎಂದರು.

ಕೋಣೆಗೆ ಸುಣ್ಣ, ಪರದೆ, ಮಂಚ. ನಿಮಗೆ ಹೇಗೆ ಹೇಳಲಿ ಎಂದು ರಾತ್ರಿಯೆಲ್ಲ ಯೋಚಿಸಿದೆ. ಬಸ್ಸಿಗೆ ಬರಬೇಡಿ ಭಾವ. ನಾನು ಆ ಬಸ್ಸಿನಲ್ಲಿ ಇರುವುದಿಲ್ಲ.

ಗುಬ್ಬಿ


ಜನವರಿ ೪

ಪ್ರೀತಿಯ ಗುಬ್ಬಿಗೆ,

ನಿನ್ನ ಪತ್ರ ಬಂದದ್ದು ಹೊಸ ವರ್ಷದ ಮಾರನೆಯ ದಿನ. ಅಂಚೆಯವರಿಗೂ ಹಬ್ಬ ಇರುತ್ತದೆ. ಹಾಗಾಗಿ ನಾನು ನಿಲ್ದಾಣಕ್ಕೆ ಹೋಗಿದ್ದೆ. ಆ ಊರಿನಿಂದ ಬರುವ ಕೊನೆಯ ಬಸ್ಸಿನವರೆಗೂ ಇದ್ದೆ. ಇದನ್ನು ನಿನ್ನ ಮನಸ್ಸು ನೋಯಿಸಲು ಬರೆಯುತ್ತಿಲ್ಲ. ಬರೆಯದಿದ್ದರೆ ಸುಳ್ಳಾಗುತ್ತದೆ. ದೇವರ ವಿಷಯದಲ್ಲಿ ನನ್ನ ಮಾತು ನಂಬುತ್ತೇನೆ ಎಂದವಳು ನೀನು, ಉಳಿದ ವಿಷಯದಲ್ಲೂ ನಂಬಿಕೆ ಉಳಿಸಿಕೊಳ್ಳಬೇಕಲ್ಲ.

ಬೀಗದವನು ಅಂಗಡಿ ಕಟ್ಟಿ ನನ್ನ ಪಕ್ಕ ಬಂದು ಕೂತ. ಬಸ್ಸು ಕೆಟ್ಟಿರಬೇಕು ಎಂದ. ಆಮೇಲೆ, ನಾದಿನೀರು ಹೇಳಿದ ದಿನ ಬಂದರೆ ನಾದಿನಿಯರೇ ಅಲ್ಲ ಎಂದ. ಮನೆಯವರೆಗೆ ಜೊತೆಗೆ ಬಂದ, ಮೆಟ್ಟಿಲ ಬುಡದಲ್ಲಿ ನಿಂತು ನನ್ನ ಮನೆಯ ದೀಪ ಹತ್ತುವವರೆಗೆ ಕಾದು ಹೋದ.

ಪತ್ರ ಓದಿದಾಗ ಮೊದಲು ಬಂದದ್ದು ಸಿಟ್ಟು. ಆ ಟೀಚರಮ್ಮನ ಮೇಲೆ. ನನ್ನ ಮನೆಗೆ ಬರುವವಳನ್ನು ಒಂದು ಬಟ್ಟಲು ಹಾಲು ಬ್ರೆಡ್ಡಿಗೆ ಕೊಂಡುಕೊಂಡಳಲ್ಲ ಮುದುಕಿ ಎಂದು. ಹೌದು ಗುಬ್ಬಿ, ನೀನು ಬರಬೇಕೆಂದು ನನಗೆ ಬಹಳ ಇತ್ತು. ಅದಕ್ಕೇ ಸಲಹೆ ಕೇಳಬೇಡ ಎಂದದ್ದು. ನಿನ್ನ ದೇವರು ಸಿಗದೇ ಇರಲಿ ಎಂದು ಒಂದೆರಡು ಸಲ ಅನ್ನಿಸಿದ್ದೂ ಉಂಟು. ಸಿಂಕಿಗೆ ಹಾಕಿದ್ದಕ್ಕಿಂತ ಅದೇ ದೊಡ್ಡ ತಪ್ಪೇನೋ.

ಎರಡನೆಯ ಸಲ ಓದಿದೆ. ಮೂರನೆಯ ಸಲ ಓದುವಾಗ ನನಗೂ ಹಸಿವಾಯಿತು. ಮನೆಯಲ್ಲಿ ಬ್ರೆಡ್ಡಿತ್ತು, ಗಟ್ಟಿಯಾಗಿತ್ತು. ಹಾಲು ಕಾಯಿಸಿದೆ, ಉಕ್ಕಲಿಲ್ಲ. ಅಡುಗೆಮನೆಯಲ್ಲಿ ನಿಂತುಕೊಂಡೇ ತಿಂದೆ.

ನೀನು ಇರು. ಟೀಚರಮ್ಮ ಇರುವಷ್ಟು ದಿನ ಇರು, ಆಮೇಲೂ ಇರು. ಅವರ ಜಾಗಕ್ಕೆ ಬಾಯಿ ಬಿಗಿಹಿ​ಡಿಯುವ ಇನ್ನೊಬ್ಬರು ಬರುತ್ತಾರೆ, ವೃದ್ಧಾಶ್ರಮದಲ್ಲಿ ಆ ಹುದ್ದೆ ಖಾಲಿ ಇರುವುದಿಲ್ಲ. ದೇವರ ಮೌನದ ಬಗ್ಗೆ ನನಗೆ ಗೊತ್ತಿಲ್ಲ. ಈ ಮನೆಯ ಮೌನದ ಬಗ್ಗೆ ಮಾತ್ರ ಗೊತ್ತು.

ಒಂದು ಸಂಗತಿ ನಿನಗೆ ಹೇಳಿರಲಿಲ್ಲ, ಯಾರಿಗೂ ಹೇಳಿಲ್ಲ. ನಿನ್ನಕ್ಕ ಹೋದಾಗಿನಿಂದ ನಾನು ನಮ್ಮ ಹಾಸಿಗೆಯ ಮೇಲೆ ಮಲಗಿಲ್ಲ. ಕುರ್ಚಿಯಲ್ಲೇ ಕಾಲು ಚಾಚಿ ಬೆಳಗು ಮಾಡುತ್ತಿದ್ದೆ. ಆ ಹಾಸಿಗೆಯಲ್ಲಿ ಅರ್ಧ ಜಾಗ ಹೆಚ್ಚು. ರಕ್ತ ಪರೀಕ್ಷೆಯಲ್ಲಿ ಅದು ಕಾಣುವುದಿಲ್ಲ.

ನಿನ್ನೆ ಚಿಕ್ಕ ಕೋಣೆಯ ಪರದೆ ಕಳಚಲು ಹೋದೆ. ದಣಿವಾಗಿ ನಿನಗೆಂದು ತಂದ ಮಂಚದ ಮೇಲೆ ಒಂದು ಗಳಿಗೆ ಕೂತೆ. ಒಬ್ಬರಿಗೆ ಸರಿಯಾದ ಅಗಲ ಅದು. ಕೂತವನು ಒರಗಿದೆ. ಎದ್ದಾಗ ಬೆಳಗಾಗಿತ್ತು, ಹಾಲಿನವನು ಬೆಲ್ ಮಾಡುತ್ತಿದ್ದ.

ನಿನ್ನ ಭಾವ